ಗಾಜಿನ ಮೇಲೆ ಏನಿದೆ

ಜನವರಿ 11

ಅಪ್ಪ,

ಈ ಕಾಗದ ಸಿಕ್ಕಿದ ತಕ್ಷಣ ತಮ್ಮನ ಫೋನಿನಿಂದ ನನಗೆ ಕರೆ ಮಾಡಬೇಡಿ. ಕಳೆದ ಸಲ ನಾನು "ಚೆನ್ನಾಗಿದ್ದೀನಿ" ಅಂದದ್ದು ನಿಮಗೆ "ಜ್ವರ ಬಂದಿದೆ" ಅಂತ ಕೇಳಿಸಿ, ಊಟ ಬಿಟ್ಟು ಕೂತಿರಂತೆ. ತಮ್ಮ ನನಗೇ ಬೈದ. ಇಡೀ ಸರ್ವಿಸ್ಸು ಬಸ್ಸಿನ ಇಂಜಿನ್ ಪಕ್ಕ ಕಳೆದ ಕಿವಿಗೆ ಫೋನು ದಕ್ಕುವುದಿಲ್ಲ, ಕಾಗದವೇ ವಾಸಿ. ಕಾಗದದಲ್ಲಿ ನನಗೂ ಒಂದು ಅನುಕೂಲ, ನೀವು ಮಧ್ಯೆ ಬಾಯಿ ಹಾಕುವುದಿಲ್ಲ.

ನಮ್ಮ ಆಸ್ಪತ್ರೆಯ ಆಂಬುಲೆನ್ಸಿನ ಜಗಳ ನಿಮ್ಮ ಕಡೆಯ ಪೇಪರಿನಲ್ಲೂ ಬಂದಿದೆಯಂತೆ. ಬಂದದ್ದರಲ್ಲಿ ಅರ್ಧ ಸುಳ್ಳು, ಇನ್ನರ್ಧ ಒಗ್ಗರಣೆ. ನಡೆದದ್ದು ಇಷ್ಟೇ. ಗಾಡಿಯ ಮುಂದಿನ ಗಾಜಿಗೆ ನಮ್ಮವರ ಮರದ ಗುರುತು ತೂಗುತ್ತಿತ್ತು. ಹಾಕಿದ್ದು ನಾನಲ್ಲ, ನನಗಿಂತ ಮುಂಚಿನ ಡ್ರೈವರ್. ನಮ್ಮ ಮನೆ ಬಾಗಿಲ ಮೇಲೆ ಇರುವಂಥದ್ದೇ ಆದ್ದರಿಂದ ನನಗೆ ಅದು ಇದೆ ಅಂತಲೇ ಅನ್ನಿಸಿರಲಿಲ್ಲ. ಹೊಳೆಯಾಚೆಯವರಿಗೆ ಅನ್ನಿಸಿತು. ಎಲ್ಲರ ತೆರಿಗೆಯ ದುಡ್ಡಿನಲ್ಲಿ ಕೊಂಡ ಗಾಡಿಗೆ ಒಬ್ಬರ ಗುರುತು ಯಾಕೆ ಅಂತ ಅರ್ಜಿ ಕೊಟ್ಟರು. ಕೇಳಿದ್ದರಲ್ಲಿ ತಪ್ಪಿಲ್ಲ. ಆದರೆ ತೆಗೆಯಿರಿ ಅಂದ ಕೂಡಲೇ ಈಚೆ ದಡದವರಿಗೆ ಅದರ ಮೇಲೆ ಎಂದೂ ಇಲ್ಲದ ಪ್ರೀತಿ ಉಕ್ಕಿತು. ಹಾಗಾದರೆ ನಮ್ಮ ಹಿತ್ತಾಳೆಯದೂ ಪಕ್ಕದಲ್ಲಿ ತೂಗಲಿ ಅಂತ ಆಚೆಯವರು ಪಟ್ಟು ಹಿಡಿದರು. ನಮ್ಮ ಸಾಹೇಬರು ಹಾವೂ ಸಾಯಬಾರದು ಕೋಲೂ ಮುರಿಯಬಾರದು ಅನ್ನುವ ಪೈಕಿ. ಮೊದಲು ಎರಡೂ ಇರಲಿ ಅಂದರು, ಆಮೇಲೆ ಎರಡೂ ಬೇಡ ಅಂದರು. ಈಗ ಗಾಜು ಖಾಲಿ.

ಖಾಲಿ ಗಾಜಿಗೆ ಜನ ಇಷ್ಟು ಹೆದರುತ್ತಾರೆ ಅಂತ ನನಗೆ ಗೊತ್ತಿರಲಿಲ್ಲ. ಈಚೆಯವರು ಅಡ್ಡ ಹಾಕಿ, ನಮ್ಮದನ್ನು ಕಿತ್ತುಹಾಕಿದವಳು ಅಂತಾರೆ. ಸೇತುವೆ ದಾಟಿದರೆ ಆಚೆಯವರು, ಗಾಜಿನಿಂದ ತೆಗೆದು ಹೊಟ್ಟೆಯೊಳಗೆ ಇಟ್ಟುಕೊಂಡಿದ್ದಾಳೆ ಅಂತಾರೆ. ಮೊನ್ನೆ ಒಳಗೆ ಉಬ್ಬಸದ ಅಜ್ಜಿಯೊಬ್ಬರು ಮಲಗಿದ್ದಾಗ ಹಿಂಬಾಗಿಲಿಗೆ ಕಲ್ಲು ಬಿತ್ತು. ಅಜ್ಜಿ ಉಸಿರು ಸಿಗದಿದ್ದರೂ "ಯಾರಮ್ಮಾ ಬಾಗಿಲು ತಟ್ಟಿದ್ದು" ಅಂತ ಕೇಳಿದರು. ಗಾಳಿಗೆ ಏನೋ ಬಡಿಯಿತು ಅಂದೆ.

ನಾನು ಹುಷಾರಾಗಿದ್ದೇನೆ. ನೀವು ಊಟ ಬಿಡಬೇಡಿ.

ನಿಮ್ಮ ಮಗಳು


ಜನವರಿ 20

ಮಗಳೇ,

ಹುಷಾರಾಗಿದ್ದೇನೆ ಅಂತ ಕಡೆಯಲ್ಲಿ ಬರೆದೆ. ಹುಷಾರಾಗಿರುವವರು ಅದನ್ನು ಬರೆಯುವುದಿಲ್ಲ, ಮರೆತುಬಿಡುತ್ತಾರೆ. ನಾನು ಕಾಗದ ಓದಿ ಮಡಿಸಿ, ಮತ್ತೆ ಬಿಚ್ಚಿ ಓದಿದೆ. ಕಲ್ಲು ಹಿಂಬಾಗಿಲಿಗೆ ಬಿತ್ತು ಅಂತ ಸಲೀಸಾಗಿ ಬರೆದಿದ್ದೀಯ. ಹಿಂಬಾಗಿಲಿಗೂ ಡ್ರೈವರ್ ಸೀಟಿಗೂ ಎಷ್ಟು ದೂರ ಅಂತ ಈ ಅಪ್ಪನಿಗೆ ಗೊತ್ತಿಲ್ಲವೇ?

ನನ್ನ ಬಸ್ಸಿನಲ್ಲೂ ಮರದ್ದು ತೂಗುತ್ತಿತ್ತು. ಯಾರೂ ಏನೂ ಅನ್ನಲಿಲ್ಲ. ಅಥವಾ ಅಂದಿದ್ದರೂ ನನ್ನ ಕಿವಿಗೆ ಬಿದ್ದಿರಲಿಕ್ಕಿಲ್ಲ. ಕಾಲ ಬೇರೆ ಇತ್ತು ಅಂತ ಮುದುಕರೆಲ್ಲ ಹೇಳುವ ಹಾಗೆ ನಾನೂ ಹೇಳುತ್ತೇನೆ, ನಗಬೇಡ. ತಲೆ ಗಟ್ಟಿಯಿದೆ ಅಂತ ಬಂಡೆಗೆ ಹಾಯಬಾರದು. ಕೆಲಸ ಬಿಟ್ಟು ಮನೆಗೆ ಬಾ. ಇಲ್ಲಿ ನಾನಿದ್ದೇನೆ, ತಮ್ಮನಿದ್ದಾನೆ. ಇಲ್ಲಿ ಯಾರಿಗೂ ಯಾರ ಭಯವೂ ಇಲ್ಲ.

ತಮ್ಮನ ಅಂಗಡಿ ಚೆನ್ನಾಗಿ ನಡೆಯುತ್ತಿದೆ. ಗಾಡಿಗಳಿಗೆ ಗಾಜು ಕೂರಿಸುವುದಕ್ಕಿಂತ ಗಾಜಿಗೆ ಅಂಟಿಸುವ ಸ್ಟಿಕರಿನ ವ್ಯಾಪಾರವೇ ಜೋರು. ನಮ್ಮ ಗುರುತಿನ ಸ್ಟಿಕರು, ದೊಡ್ಡದು, ಚಿಕ್ಕದು, ರಾತ್ರಿ ಹೊಳೆಯುವಂಥದ್ದು. ಬೀದಿಯಲ್ಲಿ ನಿಂತ ಗಾಡಿಗಳೆಲ್ಲ ಅಣ್ಣತಮ್ಮಂದಿರ ಹಾಗೆ ಕಾಣುತ್ತವೆ. ಗೆಳೆಯರು ಬಹಳ ಜನ ಆಗಿದ್ದಾರೆ, ಮನೆಗೆ ಬರುವುದು ತಡ. ಮೊದಲು ಅವನಿಗೆ ಮಾತಾಡಲೂ ನಾಚಿಕೆ, ಈಗ ಅಂಗಡಿ ಮುಂದೆ ಹತ್ತು ಜನರ ನಡುವೆ ನಿಂತು ಮಾತಾಡುತ್ತಾನೆ. ಏನು ಮಾತಾಡುತ್ತಾನೋ ನನಗೆ ಕೇಳಿಸದು, ನೋಡಲು ಚೆನ್ನಾಗಿರುತ್ತದೆ.

ಇದರ ಜೊತೆ ಒಂದು ಸ್ಟಿಕರು ಇಟ್ಟಿದ್ದಾನೆ, ನಿನ್ನ ಗಾಡಿಗೆ. ನಾನು ಬೇಡವೋ ಅಂದೆ. ಅಕ್ಕನಿಗೆ ಧೈರ್ಯ ಬರಲಿ ಅಂದ.

ನಿನ್ನ ಅಪ್ಪ


ಫೆಬ್ರವರಿ 9

ಅಪ್ಪ,

ಸ್ಟಿಕರು ಸಿಕ್ಕಿತು. ಅಂಟಿಸಿದರೆ ಕೆಲಸ ಹೋಗುತ್ತೆ ಅಂತ ತಮ್ಮನಿಗೆ ಹೇಳಿ. ಅಷ್ಟು ಹೇಳಿದರೆ ಸಾಕು.

ನನ್ನ ಜೊತೆಯ ನರ್ಸಿನ ವಿಷಯ ಹಿಂದೊಮ್ಮೆ ಬರೆದಿದ್ದೆನಲ್ಲ, ಹೊಳೆಯಾಚೆಯವರು. ನಾವೆಲ್ಲ ಅವರನ್ನು ಸಾವಧಾನ ಅಂತ ಕರೆಯುತ್ತೇವೆ. ರಸ್ತೆಯಲ್ಲಿ ಉಬ್ಬು ಬಂದರೂ ಸಾವಧಾನ, ಚಹಾ ಬಿಸಿ ಇದ್ದರೂ ಸಾವಧಾನ, ಸಾಹೇಬರು ಬಂದರೂ ಸಾವಧಾನ. ಆ ಮನುಷ್ಯನೇ ಒಂದು ಉಪಾಯ ತೆಗೆದರು. ಔಷಧದ ಡಬ್ಬಿಯ ತಳದಲ್ಲಿ ಎರಡೂ ಗುರುತು ಇಟ್ಟಿದ್ದೇವೆ, ಮರದ್ದು ಒಂದು, ಹಿತ್ತಾಳೆಯದು ಒಂದು. ಈಚೆ ದಡದಲ್ಲಿ ಮರದ್ದು ತೂಗುತ್ತದೆ. ಸೇತುವೆಯ ನಡುವೆ ಎರಡೂ ಕಡೆಯವರಿಗೆ ಗಾಜು ಕಾಣದ ಜಾಗ ಒಂದಿದೆ. ಅಲ್ಲಿ ಅವರು "ಗೇರ್" ಅಂತಾರೆ, ನಾನು ಒಂದು ಕೈಯಲ್ಲಿ ಮರದ್ದನ್ನು ತೆಗೆದು ಹಿತ್ತಾಳೆಯದನ್ನು ಕೊಕ್ಕೆಗೆ ಸಿಕ್ಕಿಸುತ್ತೇನೆ. ಬರುವಾಗ ಮತ್ತೆ "ಗೇರ್". ಸಾಹೇಬರ ಹುಕುಂ ಆಸ್ಪತ್ರೆಯ ಗೇಟಿನ ತನಕ ಮಾತ್ರ. ಗೇಟಿನೊಳಗೆ ಗಾಜು ಖಾಲಿ.

ಈಗ ಎರಡೂ ಕಡೆ ಕೈಬೀಸಿ ಬಿಡುತ್ತಾರೆ, ಅಪ್ಪ. ಮೊನ್ನೆ ಆಚೆ ಒಬ್ಬ ನನಗೆ "ತಂಗಿ, ನಮ್ಮವರಲ್ಲಿ ಹೆಣ್ಣುಮಕ್ಕಳು ಆಂಬುಲೆನ್ಸ್ ಓಡಿಸೋದು ಹೆಮ್ಮೆ" ಅಂದ. ಹಿತ್ತಾಳೆಯವರದು ಹಿತ್ತಾಳೆ ಕಿವಿ ಅಂತ ಸಾವಧಾನ ತಮ್ಮವರನ್ನೇ ಆಡಿಕೊಂಡು ನಕ್ಕರು. ನಾನೂ ನಕ್ಕೆ. ಆಸ್ಪತ್ರೆಗೆ ಬಂದು ಗಾಡಿ ನಿಲ್ಲಿಸಿದ ಮೇಲೆ ಕಾಲು ನಡುಗಿತು, ಸ್ವಲ್ಪ ಹೊತ್ತು ಇಳಿಯಲಿಲ್ಲ. ಮೋಸ ಮಾಡುತ್ತಿದ್ದೇವೆ ಅಂತ ಅನ್ನಿಸುತ್ತದೆ. ಆದರೆ ಒಳಗೆ ಮಲಗಿದವರು ತಲುಪುತ್ತಿದ್ದಾರೆ. ತಲುಪಿಸುವುದಷ್ಟೇ ಕೆಲಸ ಅಂತ ನೀವೇ ಹೇಳುತ್ತಿದ್ದಿರಿ.

ಈ ಕಾಗದ ಓದಿ ಹರಿದುಹಾಕಿ. ತಮ್ಮನಿಗೆ ತೋರಿಸಬೇಡಿ. ಯಾಕೆ ಅಂತ ಕೇಳಬೇಡಿ, ನನಗೂ ಸರಿಯಾಗಿ ಗೊತ್ತಿಲ್ಲ.

ನಿಮ್ಮ ಮಗಳು


ಫೆಬ್ರವರಿ 17

ಮಗಳೇ,

ಹರಿದುಹಾಕಿದೆ. ಮನಸ್ಸಿನೊಳಗೆ ಇರುವುದನ್ನು ಹರಿಯುವುದು ಹೇಗೆ?

ಆ ಉಪಾಯ ಬೇಡ. ಡ್ರೈವರಿಗೆ ಅಭ್ಯಾಸವೇ ಶತ್ರು. ಹೊಸ ರಸ್ತೆಯಲ್ಲಿ ಯಾರೂ ತಪ್ಪು ಮಾಡುವುದಿಲ್ಲ, ದಿನಾ ಹೋಗುವ ರಸ್ತೆಯಲ್ಲೇ ಕೈ ತಾನಾಗಿ ತಿರುಗಿಬಿಡುತ್ತದೆ. ನಾನು ಬಸ್ಸಿಲ್ಲದ ರಜಾ ದಿನ ಸೈಕಲ್ಲಿನಲ್ಲಿ ಹೋಗುವಾಗಲೂ ಸ್ಟಾಪಿನಲ್ಲಿ ನಿಂತುಬಿಡುತ್ತಿದ್ದೆ, ನಿನ್ನ ಅಮ್ಮ ಇಡೀ ಬೀದಿಗೆ ಹೇಳಿ ನಗುತ್ತಿದ್ದಳು. ನಿನ್ನದು ನಗುವ ವಿಷಯವಲ್ಲ. ಒಂದು ದಿನ ಕೈ ಮರೆಯುತ್ತದೆ.

ಬೇಡುತ್ತೇನೆ, ಬಂದುಬಿಡು. ನಿನ್ನ ಕೋಣೆಯಲ್ಲಿ ತಮ್ಮ ಸ್ಟಿಕರಿನ ಸುರುಳಿಗಳನ್ನು ಪೇರಿಸಿದ್ದಾನೆ, ನೀನು ಬರುವುದಾದರೆ ತೆಗೆಸುತ್ತೇನೆ. ಅವನ ಗೆಳೆಯರು ಬೀದಿಯ ತುದಿಯಲ್ಲಿ ಸಂಜೆ ಕಾವಲು ನಿಲ್ಲುತ್ತಾರೆ, ಹೊರಗಿನ ಗಾಡಿಗಳು ಬಂದರೆ ನೋಡಲು. ಆದ್ದರಿಂದ ಇಲ್ಲಿ ಇನ್ನೂ ಸುರಕ್ಷಿತ.

ನಿನ್ನ ಅಪ್ಪ


ಮಾರ್ಚ್ 14

ಮಗಳೇ,

ಉತ್ತರವಿಲ್ಲ. ತಮ್ಮನ ಫೋನಿನಿಂದ ಮಾಡಿಸಿದೆ, ನೀನು ಎತ್ತಿದೆಯಂತೆ, ಮಾತಾಡಿದೆಯಂತೆ. ಏನು ಹೇಳಿದಳು ಅಂದರೆ ಏನಿಲ್ಲ ಅನ್ನುತ್ತಾನೆ. ಏನಿಲ್ಲ ಅನ್ನುವ ಮುಖವಲ್ಲ ಅವನದು. ಒಂದು ಸಾಲು ಬರೆ. ಬೈದು ಬರೆದರೂ ಸರಿ.

ಅಪ್ಪ


ಮಾರ್ಚ್ 29

ಅಪ್ಪ,

ನೀವು ಹೇಳಿದ್ದೇ ಆಯಿತು. ಕೈ ಮರೆಯಲಿಲ್ಲ, ಕೈ ಮರೆಯದೇ ಹೋದದ್ದರಿಂದ ಆಯಿತು.

ಈಚೆ ದಡದ ಒಬ್ಬ ಗರ್ಭಿಣಿ. ಹೆರಿಗೆ ಕಷ್ಟವಾಗಿ, ಆಚೆಯ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕಿತ್ತು. ಮಧ್ಯಾಹ್ನದ ಹೊತ್ತು. ಸೇತುವೆ ನಡುವೆ ಬಂದೆವು, ಸಾವಧಾನ "ಗೇರ್" ಅಂದರು, ನಾನು ಬದಲಾಯಿಸಿದೆ. ಸ್ವಲ್ಪ ಮುಂದೆ ಲಾರಿಯೊಂದು ಅಚ್ಚು ಮುರಿದು ಸೇತುವೆಗೆ ಅಡ್ಡ ನಿಂತಿತ್ತು. ಸೈಕಲ್ಲು ನುಸುಳಲೂ ಜಾಗವಿಲ್ಲ. ಆಕೆ ಒಳಗೆ ಕೂಗುತ್ತಿದ್ದಳು. ಕಾಯುವ ಹಾಗಿಲ್ಲ, ನಮ್ಮ ಆಸ್ಪತ್ರೆಗೇ ವಾಪಸ್ ಹೋಗೋಣ, ಅಲ್ಲಿ ಡಾಕ್ಟರನ್ನು ಕರೆಸೋಣ ಅಂದರು ಸಾವಧಾನ. ನಾನು ಹಿಂದೆ ಮುಂದೆ ಮಾಡಿ ಗಾಡಿ ತಿರುಗಿಸಿದೆ.

ದಾಟಿದ್ದರೆ ಬರುವಾಗ "ಗೇರ್" ಅನ್ನುತ್ತಿದ್ದರು. ದಾಟಲೇ ಇಲ್ಲವಲ್ಲ, ಅವರೂ ಅನ್ನಲಿಲ್ಲ, ನಾನೂ ನೋಡಲಿಲ್ಲ. ಬದಲಾಯಿಸುವ ಕೆಲಸ ಆಗಿಹೋಗಿದೆ ಅಂತಲೇ ಇಬ್ಬರ ತಲೆಯಲ್ಲೂ ಇತ್ತು. ಹಿತ್ತಾಳೆಯದು ತೂಗಾಡಿಸಿಕೊಂಡು ನಮ್ಮವರ ನಡುವೆ ಬಂದೆವು.

ಸೇತುವೆಯ ಬುಡದಲ್ಲೇ ಅಡ್ಡ ಹಾಕಿದರು. ಒಬ್ಬ ಗಾಜಿನೊಳಗೆ ಬೆರಳು ತೋರಿಸಿದ. ಆಗ ನೋಡಿದೆ ನಾನು. ಒಳಗಿರುವವಳು ನಿಮ್ಮವಳೇ ಅಂತ ಕೂಗಬೇಕು ಅನ್ನಿಸಿತು, ಬಾಯಿಂದ ಗಾಳಿ ಮಾತ್ರ ಬಂತು. ಸಾವಧಾನ ತಮ್ಮ ಕಡೆಯ ಬಾಗಿಲು ತೆಗೆದು ಇಳಿದರು. ನಾನು ಹಾಕಿದ್ದು, ನನ್ನದು, ಆ ಹುಡುಗಿಗೆ ಗೊತ್ತೇ ಇಲ್ಲ ಅಂತ ಹೇಳುತ್ತಾ ಗಾಡಿಯಿಂದ ದೂರ ನಡೆದುಕೊಂಡು ಹೋದರು. ಜನವೆಲ್ಲ ಅವರ ಹಿಂದೆ ಹೋಯಿತು. ರಸ್ತೆ ಖಾಲಿಯಾಯಿತು.

ನಾನು ಗಾಡಿ ಬಿಟ್ಟೆ. ಅವರನ್ನು ಅಲ್ಲೇ ಬಿಟ್ಟು ಬಂದೆ. ಕನ್ನಡಿಯಲ್ಲಿ ನೋಡಲಿಲ್ಲ.

ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆ. ಸಾವಧಾನ ನಮ್ಮ ಆಸ್ಪತ್ರೆಯ ವಾರ್ಡಿನಲ್ಲೇ ಇದ್ದಾರೆ. ದವಡೆಗೆ ತಂತಿ ಕಟ್ಟಿದ್ದಾರೆ, ಮಾತಾಡುವ ಹಾಗಿಲ್ಲ. ಒಂದು ಕಣ್ಣಿನ ವಿಷಯ ಡಾಕ್ಟರು ಇನ್ನೂ ಹೇಳಿಲ್ಲ. ನಾನೇ ಹಾಕಿದ್ದು ಅಂತ ಸಾಹೇಬರಿಗೆ ಅದೇ ದಿನ ಹೇಳಿದೆ. ಅವರು, ಇದನ್ನು ಯಾರೆದುರೂ ಹೇಳಬೇಡ, ಹೇಳಿದರೆ ನಿನಗೂ ಒಂದು ಹಾಸಿಗೆ ಹುಡುಕಬೇಕಾಗುತ್ತೆ ಅಂದರು. ನಾನು ವಾರ್ಡಿನಲ್ಲಿ ಎಲ್ಲರಿಗೂ ಹೇಳಿದೆ. ಕೆಲವರು ಎದ್ದು ಹೋದರು.

ನೀವು ಅವತ್ತು ಮಾಡಿಸಿದ ಫೋನಿನಲ್ಲಿ ನಡೆದದ್ದು ಹೇಳಿದಾಗ ತಮ್ಮ ಕೇಳಿದ್ದು ಒಂದೇ ಮಾತು. ಹೊಡೆದವರು ಯಾರ ಕಡೆಯವರು ಅಂತ. ನಮ್ಮವರು ಅಂದೆ. ಫೋನ್ ಇಟ್ಟ. ನನಗೆ ಪೆಟ್ಟಾಯಿತಾ ಅಂತ ಕೇಳಲಿಲ್ಲ. ಗಾಬರಿಯಲ್ಲಿ ಮರೆತಿರಬೇಕು.

ನಿಮ್ಮ ಮಗಳು


ಏಪ್ರಿಲ್ 6

ಮಗಳೇ,

ಮರೆತಿರಬೇಕು. ಅವನಿಗೆ ಕೆಲಸ ಹೆಚ್ಚು.

ನಿನ್ನ ಕಾಗದ ಓದಿ ನಾನು ಅತ್ತೆ. ಯಾವ ಕಾರಣಕ್ಕೆ ಅಂತ ಬಿಡಿಸಿ ಹೇಳಲು ಬರುವುದಿಲ್ಲ. ನೀನು ಬದುಕಿದ್ದೀಯ ಅನ್ನುವುದಕ್ಕೂ ಇರಬಹುದು, ಆ ಮನುಷ್ಯನನ್ನು ಬಿಟ್ಟು ಬಂದೆ ಅನ್ನುವುದಕ್ಕೂ ಇರಬಹುದು. ನೀನು ಗಾಡಿ ಬಿಟ್ಟದ್ದು ಸರಿ. ಯಾವ ಡ್ರೈವರನ್ನು ಕೇಳಿದರೂ ಸರಿ ಅನ್ನುತ್ತಾನೆ. ಆದರೂ ಆ ಕನ್ನಡಿ ನೋಡದೆ ಇದ್ದದ್ದು ನಿನ್ನ ಜೀವ ಇರುವ ತನಕ ನಿನ್ನ ಜೊತೆ ಬರುತ್ತದೆ, ಸುಳ್ಳು ಸಮಾಧಾನ ಹೇಳುವುದಿಲ್ಲ.

ಇನ್ನಾದರೂ ಬಾ. ನಾನೇ ಬಂದು ಕರೆದುಕೊಂಡು ಹೋಗಲೇ? ಬಸ್ಸಿನಲ್ಲಿ ಕೂತು ಬರಲು ನನಗೆ ಪಾಸ್ ಇದೆ.

ತಮ್ಮನಿಗೆ ಒಂದು ಮಾತು ಕೇಳೋಣ ಅಂದುಕೊಂಡೆ. ಕೇಳಲಿಲ್ಲ. ಕೇಳಿದರೆ ಉತ್ತರ ಬರುತ್ತದಲ್ಲ.

ನಿನ್ನ ಅಪ್ಪ


ಏಪ್ರಿಲ್ 27

ಅಪ್ಪ,

ಬರಬೇಡಿ. ನಾನೂ ಬರುವುದಿಲ್ಲ. ಹಟ ಅಂದುಕೊಳ್ಳಬೇಡಿ. ಈ ಊರಿನಲ್ಲಿ ಎರಡು ಆಂಬುಲೆನ್ಸ್, ಇನ್ನೊಂದರ ಡ್ರೈವರ್ ಆಗಲೇ ರಜೆ ಹಾಕಿ ಹೋಗಿದ್ದಾನೆ. ನಾನೂ ಹೋದರೆ ಸಾಹೇಬರಿಗೆ ನೆಮ್ಮದಿ. ಗಾಡಿಯೇ ಇಲ್ಲ ಅಂದರೆ ಗಾಜಿನ ಜಗಳವೂ ಇಲ್ಲ.

ಈಗ ಏನನ್ನೂ ತೂಗುಹಾಕುವುದಿಲ್ಲ. ಖಾಲಿ ಗಾಜಿನಲ್ಲೇ ಹೋಗುತ್ತೇನೆ. ಕಿಟಕಿ ಪೂರ್ತಿ ಇಳಿಸಿ, ತಲೆ ಹೊರಗೆ ಕಾಣುವ ಹಾಗೆ ಇಟ್ಟು, ನಿಧಾನಕ್ಕೆ. ಅಡ್ಡ ಹಾಕಿದರೆ ಇಳಿದು ಹಿಂಬಾಗಿಲು ತೆಗೆದು, ನೋಡಿ, ಇವರು ಮಲಗಿದ್ದಾರೆ, ಇವರಿಗೆ ಇಂಥಾ ಕಾಯಿಲೆ ಅಂತ ಹೇಳುತ್ತೇನೆ. ಹೆಚ್ಚಿನವರು ಮುಖ ತಿರುಗಿಸಿ ದಾರಿ ಬಿಡುತ್ತಾರೆ. ಕಾಯಿಲೆಯವರ ಮುಖ ನೋಡಿ ಕಲ್ಲೆತ್ತುವುದು ಕಷ್ಟ ಅಂತ ಕಾಣುತ್ತೆ. ಎಲ್ಲರಿಗೂ ಕಷ್ಟ ಅಂತ ಹೇಳಲಾರೆ. ಪ್ರತಿಸಲವೂ ಬಾಗಿಲ ಹಿಡಿಗೆ ಕೈ ಇಟ್ಟಾಗ ಜೀವ ಬಾಯಿಗೆ ಬರುತ್ತದೆ. ಅದು ಕಡಿಮೆ ಆಗುತ್ತದೆ ಅಂದುಕೊಂಡಿದ್ದೆ, ಆಗಿಲ್ಲ.

ಸಾವಧಾನರ ಕಣ್ಣು ಹೋಯಿತು. ನಿನ್ನೆ ತಂತಿ ಬಿಚ್ಚಿದರು. ಮೊದಲ ಮಾತು ಏನಾಡುತ್ತಾರೋ ಅಂತ ಪಕ್ಕದಲ್ಲಿ ಕೂತಿದ್ದೆ. ಚಹಾ ಕೇಳಿದರು. ಆಮೇಲೆ, ಬಾಗಿಲು ತೆಗೆಯುವಾಗ ಒಬ್ಬಳೇ ತೆಗೀಬೇಡ, ಅಲ್ಲಿಯ ಊರಿನವರೇ ಯಾರಾದ್ರೂ ಪಕ್ಕದಲ್ಲಿರಲಿ, ತಮ್ಮವರ ಮುಖ ಕಂಡರೆ ಅಡ್ಡ ಹಾಕಿದವರಿಗೆ ನಾಚಿಕೆ ಇರುತ್ತೆ ಅಂದರು.

ನಿಮ್ಮ ಬೀದಿಯ ತುದಿಯಲ್ಲಿ ಸಂಜೆ ಕಾವಲು ನಿಲ್ಲುವವರ ಜೊತೆ ತಮ್ಮನೂ ನಿಲ್ಲುತ್ತಾನಾ, ಅಪ್ಪ?

ನಿಮ್ಮ ಮಗಳು


ಮೇ 8

ಮಗಳೇ,

ಇಲ್ಲಿ ಸೆಖೆ ಹೆಚ್ಚು. ಮೊಣಕಾಲು ನೋವು ಹಾಗೇ ಇದೆ. ಕೆಳಮನೆಯ ಟೈಲರ್ ನನ್ನ ಅಂಗಿಗಳ ಕಾಲರು ತಿರುಗಿಸಿ ಹೊಲಿದುಕೊಟ್ಟ. ಅವನು ನಮ್ಮವನಲ್ಲ, ಆದರೆ ಕೈ ಒಳ್ಳೆಯದು. ಹೀಗೆ ಬರೆದ ಮೇಲೆ ಆ 'ಆದರೆ' ಯಾಕೆ ಬಂತು ಅಂತ ಯೋಚಿಸಿದೆ. ಹೊಡೆದುಹಾಕಿಲ್ಲ, ಇರಲಿ.

ನೀನು ಕೇಳಿದ್ದಕ್ಕೆ ಉತ್ತರ ಬರೆಯುತ್ತೇನೆ. ಈಗ ಅಲ್ಲ.

ಅಪ್ಪ


ಜೂನ್ 3

ಮಗಳೇ,

ಇದನ್ನು ಇಲ್ಲಿನ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಗಾಬರಿಯಾಗಬೇಡ, ನನಗೇನೂ ಆಗಿಲ್ಲ. ನರ್ಸಿನ ಹತ್ತಿರ ಹಾಳೆ ಪೆನ್ನು ಬೇಡಿ ತೆಗೆದುಕೊಂಡೆ.

ಇವತ್ತು ಸಂಜೆ ಟೈಲರನ ಹೆಂಡತಿಗೆ ಹೊಟ್ಟೆನೋವು ತಡೆಯಲಾರದಷ್ಟು ಬಂತು. ಅವನು ಆಂಬುಲೆನ್ಸಿಗೆ ಹೇಳಿ, ಮೆಟ್ಟಿಲ ಮೇಲೆ ಅವಳನ್ನು ಕೂರಿಸಿಕೊಂಡು ಕಾದ. ಬರಲೇ ಇಲ್ಲ. ನಾನು ಹೊರಗೆ ಬಂದು ನೋಡಿದರೆ ಬೀದಿಯ ತುದಿಯಲ್ಲಿ ಕೆಂಪು ದೀಪ ತಿರುಗುತ್ತಾ ನಿಂತಲ್ಲೇ ನಿಂತಿದೆ. ಸುತ್ತ ಹುಡುಗರು. ಈಗ ಇಲ್ಲೂ ಹುಕುಂ ಬಂದಿದೆ, ಸರಕಾರಿ ಗಾಡಿಗಳ ಗಾಜು ಖಾಲಿ ಇರಬೇಕು ಅಂತ. ಖಾಲಿ ಗಾಜಿನ ಮುಂದೆ, ಬಾನೆಟ್ಟಿನ ಮೇಲೆ ಕೈಯಿಟ್ಟು ತಮ್ಮ ನಿಂತಿದ್ದ.

ನೀನು ಕೇಳಿದ್ದಕ್ಕೆ ಉತ್ತರ ಇದೇ. ನಿಲ್ಲುತ್ತಾನೆ. ಮೊದಲಿನಿಂದಲೂ ನಿಲ್ಲುತ್ತಿದ್ದ. ನನಗೆ ಗೊತ್ತಿತ್ತು.

ಓಡಿಸುತ್ತಿದ್ದವಳು ಒಬ್ಬ ಹುಡುಗಿ, ಹೆಚ್ಚುಕಡಿಮೆ ನಿನ್ನ ವಯಸ್ಸು. ಸ್ಟೀರಿಂಗ್ ಮೇಲೆ ಅವಳ ಕೈ ನಡುಗುತ್ತಿತ್ತು. ನಿನ್ನ ಕೈಯೂ ಹೀಗೇ ನಡುಗುತ್ತದೆಯೇ? ಕಾಲಿನ ವಿಷಯ ಬರೆದಿದ್ದೆ, ಕೈಯ ವಿಷಯ ಬರೆದಿರಲಿಲ್ಲ.

ನಾನು ಮೊಣಕಾಲು ಎಳೆದುಕೊಂಡು ಹೋಗಿ ಅವನ ತೋಳು ಹಿಡಿದೆ. ಕೆಳಮನೆಯವಳು ಸಾಯ್ತಿದಾಳೆ ಅಂದೆ. ಗೊತ್ತು ಅನ್ನುವ ಹಾಗೆ ತಲೆ ಆಡಿಸಿದ. ಆಗ ಹೇಳಿದೆ,

"ದಾರಿ ಬಿಡೋ. ಆ ಸೀಟಲ್ಲಿ ಕೂತಿರೋದು ನಿನ್ನ ಅಕ್ಕ ಅಂದ್ಕೋ."

ಅವನು ಗದರಲಿಲ್ಲ. ಸುತ್ತ ಗಲಾಟೆ, ನನಗೆ ಕೇಳಿಸುವುದಿಲ್ಲ ಅಂತ ಅವನಿಗೆ ಗೊತ್ತು. ನನ್ನ ಭುಜ ಹಿಡಿದು, ಒಳ್ಳೆಯ ಕಿವಿ ಯಾವುದು ಅಂತ ನೋಡಿ ಆ ಕಡೆಗೆ ಬಗ್ಗಿ, ಮಾತ್ರೆ ನುಂಗಿದ್ಯಾ ಅಂತ ದಿನಾ ಕೇಳುವ ದನಿಯಲ್ಲೇ ಹೇಳಿದ,

"ಅಕ್ಕ ಆದ್ರೂ ಅಷ್ಟೇ ಅಪ್ಪ. ಗಾಜಿನ ಮೇಲೆ ಏನಿದೆ ಅಂತ ಮೊದಲು ಹೇಳಲಿ."

ಪೂರ್ತಿ ಕೇಳಿಸಿತು ಮಗಳೇ. ಒಂದು ಅಕ್ಷರವೂ ಬಿಡದೆ ಕೇಳಿಸಿತು.

ನಾನು ಸುತ್ತಿ ಬಂದು ಮುಂದಿನ ಬಾಗಿಲು ತೆಗೆದು ಆ ಹುಡುಗಿಯ ಪಕ್ಕ ಹತ್ತಿ ಕೂತೆ. "ಫಸ್ಟ್ ಗೇರಲ್ಲೇ ಬಿಡಮ್ಮ, ಹಾರನ್ ಮಾಡಬೇಡ" ಅಂದೆ. ಅವಳು ಬಿಟ್ಟಳು. ತಮ್ಮ ಗಾಜಿನ ಆ ಕಡೆ, ನಾನು ಈ ಕಡೆ. ಅವನು ನನ್ನನ್ನೇ ನೋಡುತ್ತಿದ್ದ. ಗಾಡಿ ಅವನ ಅಂಗೈಯನ್ನು ತಳ್ಳಿಕೊಂಡು ಬಂತು. ಅವನು ಹಿಂದಕ್ಕೆ ಒಂದೊಂದೇ ಹೆಜ್ಜೆ ಇಟ್ಟ. ಕಡೆಗೆ ಪಕ್ಕಕ್ಕೆ ಸರಿದ. ನನಗಾಗಿ ಸರಿದನೋ ಗಾಡಿಗೆ ಹೆದರಿ ಸರಿದನೋ ಅವನ ಮುಖ ನೋಡಿ ತಿಳಿಯಲಿಲ್ಲ. ಹುಟ್ಟಿದಾಗಿನಿಂದ ನೋಡಿದ ಮುಖ.

ಮೆಟ್ಟಿಲ ಬಳಿಯಿಂದ ಹತ್ತಿಸಿಕೊಂಡು ಬಂದ ಟೈಲರನ ಹೆಂಡತಿಯನ್ನು ಒಳಗೆ ಕರೆದುಕೊಂಡು ಹೋಗಿದ್ದಾರೆ. ಇನ್ನೂ ಸ್ವಲ್ಪ ತಡವಾಗಿದ್ದರೆ ಕಷ್ಟವಿತ್ತು ಅಂದರು ಡಾಕ್ಟರು. ಟೈಲರ್ ನನ್ನ ಪಕ್ಕ ಕೂತಿದ್ದಾನೆ. ಅಡ್ಡ ನಿಂತವನು ಯಾರು ಅಂತ ಅವನೂ ನೋಡಿದ್ದಾನೆ. ನನಗೆ ನೀರು ತಂದುಕೊಟ್ಟ.

ಮನೆಗೆ ಬಾ ಅಂತ ಕಾಗದದ ಮೇಲೆ ಕಾಗದ ಬರೆದೆ. ಇನ್ನು ಬರೆಯುವುದಿಲ್ಲ. ಇಷ್ಟು ದಿನ ನಿನಗೆ ಕಲ್ಲೆಸೆಯುವ ಕೈಗಳು ಯಾರವೋ ಏನೋ ಅಂತ ಹೆದರುತ್ತಿದ್ದೆ. ಆ ಕೈಗಳಿಗೂ ಮನೆಯಲ್ಲಿ ಒಬ್ಬ ಅಪ್ಪ ಇರುತ್ತಾನೆ, ಅಪ್ಪನಿಗೆ ಮಾತ್ರೆ ಕೊಡುತ್ತವೆ ಅಂತ ಹೊಳೆದಿರಲಿಲ್ಲ.

ಟೈಲರ್ ಈಗ, ಹೊತ್ತಾಯಿತು, ನೀವು ಮನೆಗೆ ಹೋಗಿ ಮಲಗಿ, ನಾನಿರ್ತೀನಿ ಅನ್ನುತ್ತಿದ್ದಾನೆ. ಇನ್ನು ಸ್ವಲ್ಪ ಹೊತ್ತು ಕೂತಿರ್ತೀನಪ್ಪ ಅಂದೆ. ಅವನ ಹೆಂಡತಿಗೋಸ್ಕರ ಕೂತಿದ್ದೇನೆ ಅಂತ ಅವನು ಅಂದುಕೊಂಡಿದ್ದಾನೆ. ಮನೆಯಲ್ಲಿ ತಮ್ಮ ದೀಪ ಹಾಕಿಕೊಂಡು ನನಗೆ ಕಾಯುತ್ತಿರುತ್ತಾನೆ. ಹೋಗಲು ಹೆದರಿಕೆಯಾಗುತ್ತಿದೆ ಮಗಳೇ.

ಅಪ್ಪ